ಎರಡು ಹಳದಿಯ ಕೋಣೆ

ಶುಕ್ರವಾರ ಮಧ್ಯಾಹ್ನ ಶಿಶುಕೇಂದ್ರದ ಮೇಡಂ ಫೋನು ಮಾಡಿದಾಗ ನಾನು ರವಿಕೆಯೊಂದಕ್ಕೆ ತೋಳು ಕೂರಿಸುತ್ತಿದ್ದೆ. ಕಾಗದಪತ್ರವೆಲ್ಲ ಮುಗಿದಿದೆ, ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಂದು ಮಗುವನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದರು. "ಆಯ್ತು ಮೇಡಂ" ಎಂದೆ. ಫೋನಿಟ್ಟು ಮತ್ತೆ ಮಿಷನ್ ತುಳಿಯತೊಡಗಿದೆ. ತೋಳು ಪೂರ್ತಿ ಹೊಲಿದಾದ ಮೇಲೆ ಗೊತ್ತಾಯಿತು, ಎಡಗಡೆಯದನ್ನು ಬಲಗಡೆಗೆ ಕೂರಿಸಿದ್ದೆ.

ಮದುವೆಯಾಗಿ ಮಧುಗಿರಿಯಲ್ಲಿ ಮನೆ ಮಾಡಿ ಎಷ್ಟೋ ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಆಸ್ಪತ್ರೆ ಸುತ್ತಿ ಸುತ್ತಿ ಸಾಕಾಗಿ, ದತ್ತು ತೆಗೆದುಕೊಳ್ಳೋಣವೆಂದು ಹೆಸರು ಬರೆಸಿದೆವು. ಆಮೇಲೆ ಕಾದದ್ದೂ ವರ್ಷಗಟ್ಟಲೆ. ಕಾಯುವುದು ಎಷ್ಟು ರೂಢಿಯಾಗಿಬಿಟ್ಟಿತ್ತೆಂದರೆ, ಹೋದ ತಿಂಗಳು ಕೇಂದ್ರಕ್ಕೆ ಹೋಗಿ ಮಗುವನ್ನು ಕಣ್ಣಾರೆ ನೋಡಿ ಬಂದ ಮೇಲೂ ಮನೆಯಲ್ಲಿ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಇನ್ನೂ ದಿನ ಹಿಡಿಯುತ್ತದೆ ಅಂದುಕೊಂಡಿದ್ದೆವು.

ವರ್ಷ ತುಂಬುತ್ತ ಬಂದಿದ್ದ ಹೆಣ್ಣುಮಗು. ಅವತ್ತು ಆಯಾ ಅದನ್ನು ನನ್ನ ಕೈಗೆ ಕೊಟ್ಟ ಕೂಡಲೇ ಬೆನ್ನನ್ನು ಹಿಂದಕ್ಕೆ ಬಗ್ಗಿಸಿ ಚೀರಿ ಅತ್ತಿತ್ತು. ನನ್ನ ಗಂಡ ಎತ್ತಿಕೊಂಡರು. ಅವರು ಮನೆಗಳಿಗೆ ವೈರಿಂಗ್ ಮಾಡುವವರು, ಅಂಗಿ ಜೇಬಿನಲ್ಲಿ ಟೆಸ್ಟರ್ ಯಾವಾಗಲೂ ಇರುತ್ತದೆ. ಮಗು ಆ ಟೆಸ್ಟರನ್ನು ಹಿಡಿದುಕೊಂಡು ಸುಮ್ಮನಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅವರು "ಒಂದೇ ದಿನಕ್ಕೆ ಯಾರೂ ಬರಲ್ಲ ಬುಡೇ" ಎಂದರು. ನಾನು "ಅಷ್ಟೂ ಗೊತ್ತಾಗಲ್ವಾ ನಂಗೆ" ಎಂದೆ. ಆದರೆ ಆ ಬೆನ್ನು ಬಗ್ಗಿದ ರೀತಿ ನನ್ನ ಅಂಗೈಯಲ್ಲಿ ಹಾಗೇ ಉಳಿದಿತ್ತು. ಯಾರಿಗೂ ಹೇಳಿರಲಿಲ್ಲ.

ಈಗ ಸೋಮವಾರ ಎಂದರೆ ನಡುವೆ ಇದ್ದದ್ದು ಶನಿವಾರ, ಭಾನುವಾರ. ಭಾನುವಾರ ಸಿರಾದಲ್ಲಿ ನನ್ನ ಅಕ್ಕನ ಹೊಸ ಮನೆಯ ಗೃಹಪ್ರವೇಶ. ಅಕ್ಕನಿಗೂ ಅವಳ ನಾದಿನಿಯರಿಗೂ ರವಿಕೆ ಹೊಲಿಯಲು ಒಪ್ಪಿಕೊಂಡವಳು ನಾನೇ. ಫೋನು ಮಾಡಿ ಸುದ್ದಿ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಅತ್ತಳು. ಮೂಗು ಒರೆಸಿಕೊಂಡು, "ಒಳ್ಳೇದಾಯ್ತು ಕಣೇ, ದೇವರು ಕಣ್ಬಿಟ್ಟ" ಎಂದಳು. ಆಮೇಲೆ ದನಿ ತಗ್ಗಿಸಿ, "ಅಂಗಾದ್ರೆ ರವಿಕೆ?" ಎಂದಳು.

"ತರ್ತೀನಿ."

"ಪೂಜೆಗೆ ಹಳೇವೇ ಹಾಕ್ಕೊಂತೀವಿ. ಊಟದ ಹೊತ್ತಿಗಾದ್ರೂ ಬರ್ಲಿ."

ನಮ್ಮದು ಹಾಲ್, ಅಡುಗೆಮನೆ, ಎರಡು ರೂಮಿನ ಬಾಡಿಗೆ ಮನೆ. ಚಿಕ್ಕ ರೂಮು ನನ್ನ ಹೊಲಿಗೆಗೆ. ಅದನ್ನೇ ಮಗುವಿಗೆ ಬಿಟ್ಟುಕೊಡುವುದೆಂದು ಮೊದಲೇ ತೀರ್ಮಾನವಾಗಿತ್ತು. ಮೊಬೈಲಿನಲ್ಲಿ ಮಕ್ಕಳ ಕೋಣೆಗಳ ಚಿತ್ರ ನೋಡಿ ನೋಡಿ ನನ್ನ ಮನಸ್ಸಿನಲ್ಲಿ ಒಂದು ಕೋಣೆ ತಯಾರಾಗಿ ನಿಂತಿತ್ತು. ತಿಳಿಹಳದಿ ಗೋಡೆ, ಗೋಡೆಯುದ್ದಕ್ಕೂ ಬಿಳೀ ಕುರಿಮರಿಗಳ ಸಾಲು, ಕಿಟಕಿಗೆ ನಾನೇ ಹೊಲಿದ ಪರದೆ, ಮೇಲಿನಿಂದ ಇಳಿಬಿದ್ದ ಬಟ್ಟೆ ಹಕ್ಕಿಗಳು. ಹಕ್ಕಿಗಳನ್ನು ರವಿಕೆ ಕತ್ತರಿಸಿ ಉಳಿದ ತುಂಡುಗಳಲ್ಲಿ ಹೊಲಿದು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಫ್ರಾಕು ಮಾತ್ರ ಹೊಲಿದಿರಲಿಲ್ಲ. ಊರಿನವರ ಅಳತೆಯೆಲ್ಲ ನನ್ನ ತಲೆಯಲ್ಲಿದೆ. ನನ್ನ ಮಗುವಿನ ಅಳತೆ ಗೊತ್ತಿರಲಿಲ್ಲ. ಅವತ್ತು ಎತ್ತಿಕೊಂಡದ್ದು ಒಂದು ಕ್ಷಣ, ಅಷ್ಟರಲ್ಲಿ ಯಾವ ಅಳತೆ ಸಿಗುತ್ತದೆ.

ಶನಿವಾರ ಬೆಳಿಗ್ಗೆ ಮಿಷನ್ನನ್ನೂ ಬಟ್ಟೆಯ ರಾಶಿಯನ್ನೂ ಹಾಲ್‌ಗೆ ಸಾಗಿಸಿ, ನನ್ನ ಗಂಡ ಗೋಡೆ ಕೆರೆಯತೊಡಗಿದರು. ನಾನು ಹಾಲ್‌ನಲ್ಲಿ ಕೂತು ಹೊಲಿಯತೊಡಗಿದೆ. ಕೂತೆ ಎನ್ನುವುದು ಸುಳ್ಳು. ಒಂದು ಹೊಲಿಗೆ ಹಾಕುವುದು, ಎದ್ದು ಹೋಗಿ ರೂಮಿನಲ್ಲಿ ಇಣುಕುವುದು, "ಅಲ್ಲಿ ಇನ್ನೂ ಸುಣ್ಣ ಉದುರ್ತಾ ಐತೆ ನೋಡ್ರಿ" ಎನ್ನುವುದು, ಒಲೆಯ ಮೇಲಿಟ್ಟ ಹಾಲು ನೆನಪಾಗಿ ಅಡುಗೆಮನೆಗೆ ಓಡುವುದು, ಬಂದು ಮತ್ತೆ ಕೂರುವುದು. ರವಿಕೆಯ ಬೆನ್ನಿಗೆ ಲಾಡಿ ಇಡಬೇಕಿತ್ತೋ ಹುಕ್ಕೋ ಎಂದು ಕೇಳಲು ಅಕ್ಕನಿಗೆ ಫೋನು ಮಾಡಿದರೆ, ಅಲ್ಲಿ ಅಡುಗೆಯವನು ಬಂದಿಲ್ಲವೆಂದು ಅವಳೇ ಕೂಗಾಡುತ್ತಿದ್ದಳು. ಏನು ಕೇಳಲು ಮಾಡಿದೆನೆಂಬುದು ಮರೆತುಹೋಯಿತು.

ಪಾವಗಡದ ಬಸ್ಸಿಳಿದು ಅತ್ತೆ ಬಂದರು. ನನ್ನ ಗಂಡನ ತಾಯಿ. ತಿರುಮಣಿಯವರು. ಅವರ ಹೊಲ ಈಗ ಸೋಲಾರ್ ಕರೆಂಟಿನ ಕಂಪನಿಯವರ ಗುತ್ತಿಗೆಯಲ್ಲಿದೆ. ಕುರಿಗಳನ್ನು ಮಾರಿದ ಮೇಲೆ ಅವರಿಗೆ ಅಂಥ ಕೆಲಸವಿರಲಿಲ್ಲ, ಆದರೂ ಇಲ್ಲಿಗೆ ಬಂದರೆ ಮಾರನೇ ದಿನವೇ ಹೊರಡುವವರು. ದತ್ತು ವಿಷಯ ಎತ್ತಿದಾಗಿನಿಂದ ಅವರು ಒಳ್ಳೆಯದೆಂದೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಒಂದು ಸಲ ಮಾತ್ರ, "ತರಾದಾದ್ರೆ ನಮ್ಮೋರ್ ಮನೇಲೇ ಇಲ್ವಾ ಮಕ್ಳು" ಅಂದಿದ್ದರು. ಈಗ ಹೆಗಲಲ್ಲಿ ಕಂಬಳಿ, ಕೈಯಲ್ಲಿ ಕಡಲೇಕಾಯಿ ಚೀಲ. ಚೀಲ ಕೆಳಗಿಟ್ಟು ಖಾಲಿ ರೂಮನ್ನು ನೋಡಿದರು.

"ಅಷ್ಟು ಸಣ್ಣ ಕೂಸಿಗೆ ಒಂದು ರೂಮು ಯಾಕಮ್ಮಾಯಿ?"

"ಈಗೆಲ್ಲ ಇಂಗೇ ಮಾಡ್ತಾರೆ ಅತ್ತೆ."

"ಸರೇಲೇ" ಎಂದು ತಮ್ಮ ಕಡೆಯ ತೆಲುಗಿನಲ್ಲೇ ಒಪ್ಪಿಕೊಂಡು ಕಾಲು ತೊಳೆಯಲು ಹೋದರು.

ಹನ್ನೊಂದರ ಹೊತ್ತಿಗೆ ಹೊಳವನಹಳ್ಳಿಯಿಂದ ನಮ್ಮಪ್ಪ ಬಂದರು. ಟೆಂಪೋದ ಮೇಲೆ ಕಟ್ಟಿಕೊಂಡು ಬಂದಿದ್ದು ಒಂದು ಮರದ ತೊಟ್ಟಿಲು. ಊರಿನ ಬಡಗಿಯ ಹತ್ತಿರ ಎಂದೋ ಮಾಡಿಸಿಟ್ಟಿದ್ದರಂತೆ, ನನಗೆ ಹೇಳಿರಲಿಲ್ಲ. ಇಳಿಸಿ ಹೊಸಲಿನ ಹತ್ತಿರ ತಂದರೆ ಅತ್ತೆ ಅಡ್ಡ ನಿಂತರು.

"ಬೀಗ್ರೇ, ಕೂಸು ಬರಾಕೆ ಮುಂಚೆ ತೊಟ್ಲು ಒಳಕ್ಕೆ ತರಬಾರ್ದು."

ನಾನು ಸೂಜಿ ಹಿಡಿದುಕೊಂಡೇ ಎದ್ದು ಬಂದೆ. "ಕೂಸು ಹುಟ್ಟಿ ವರ್ಷ ಆಗ್ತಾ ಬಂತಲ್ಲ ಅತ್ತೆ."

"ನಮ್ಮನೇಲಿ ಹುಟ್ಟಿಲ್ವಲ್ಲಮ್ಮ."

ಅವರು ಅದನ್ನು ಚುಚ್ಚಲೆಂದು ಹೇಳಲಿಲ್ಲ. ಊಟಕ್ಕೆ ಹೊತ್ತಾಯಿತು ಅಂದಂತೆ ಹೇಳಿದರು. ಅಪ್ಪ ಇಬ್ಬರ ಮುಖವನ್ನೂ ನೋಡಿ, ತೊಟ್ಟಿಲೊಳಗೆ ಕೈಯಿಟ್ಟು ಗೇಣು ಹಾಕಿದರು. "ಅದಿರ್ಲಿ. ವರ್ಷದ ಕೂಸು ಇದ್ರಲ್ಲಿ ಹಿಡಿಸ್ತೈತಾ?" ಎಂದರು. ಎಲ್ಲರೂ ತೊಟ್ಟಿಲನ್ನು ನೋಡಿದೆವು. ಅಂಬೆಗಾಲಿಡುವ ಮಗು, ಎದ್ದು ನಿಂತರೆ ಆಚೆ ಬೀಳುತ್ತದೆ. ಇಷ್ಟು ದಿನ ನಾವು ನಾಲ್ವರೂ ಮನಸ್ಸಿನಲ್ಲಿ ಎದುರು ನೋಡುತ್ತಿದ್ದದ್ದು ಬಟ್ಟೆ ಸುತ್ತಿದ ಹಸುಗೂಸನ್ನು. ಬರುತ್ತಿರುವ ಮಗು ಬೇರೆಯೇ.

ತೊಟ್ಟಿಲು ಹಿತ್ತಿಲಿಗೆ ಹೋಯಿತು. ಮಲಗಿಸಲು ಏನೂ ಇಲ್ಲವೆಂಬುದು ಹೊಸ ಚಿಂತೆಯಾಯಿತು.

ಮಧ್ಯಾಹ್ನದ ಮೇಲೆ ಬಣ್ಣ ಶುರುವಾಯಿತು. ಅಂಗಡಿಯಲ್ಲಿ ಕಲಸಿಕೊಟ್ಟ ಬಣ್ಣ ದುಬಾರಿಯೆಂದು ನನ್ನ ಗಂಡ ಬಿಳೀ ಡಿಸ್ಟೆಂಪರನ್ನೂ ಹಳದಿ ಸ್ಟೇನರ್ ಬಾಟಲಿಗಳನ್ನೂ ತಂದು ಬಕೆಟ್ಟಿನಲ್ಲಿ ತಾವೇ ಕಲಸಿದರು. ಅಪ್ಪ ಲುಂಗಿ ಎತ್ತಿಕಟ್ಟಿ ಬ್ರಷ್ಷು ಹಿಡಿದರು. ಗೋಡೆ ಚೆನ್ನಾಗಿಯೇ ಬರುತ್ತಿತ್ತು. ಬೆಣ್ಣೆ ಕಾಯಿಸುವಾಗ ಬರುವ ಹಾಗಿನ ಹಳದಿ. ಹೊಲಿಗೆ ಬಿಟ್ಟು ಬಂದು ಬಾಗಿಲಲ್ಲಿ ನಿಂತು ನೋಡಿದಾಗ ಒಂದು ಕ್ಷಣ ಎದೆ ತಣ್ಣಗಾಯಿತು. ಕಿಟಕಿಯಿರುವ ಗೋಡೆಯ ನಡುಮಧ್ಯಕ್ಕೆ ಬಕೆಟ್ಟು ಖಾಲಿಯಾಯಿತು.

ಎರಡನೇ ಬಕೆಟ್ಟು ಮೊದಲಿನಂತೆ ಆಗಲಿಲ್ಲ. ಒಂದು ತೊಟ್ಟು ಹೆಚ್ಚು, ಒಂದು ಮಗ್ ಕಮ್ಮಿ, ಎಂಥದೋ. ಹಸಿಯಿರುವಾಗ ಗೊತ್ತಾಗಲಿಲ್ಲ. ಊರಿನ ಬೆಟ್ಟದ ಬಂಡೆ ಕಾದು ಸಂಜೆ ನಮ್ಮ ಬೀದಿಗೆಲ್ಲ ಸೆಕೆ ಬಿಡುವ ಹೊತ್ತಿಗೆ ಗೋಡೆ ಒಣಗಿತು. ಕಿಟಕಿಯ ಆಚೆ ಬೆಣ್ಣೆ, ಈಚೆ ಅರಿಶಿನ.

"ಇನ್ನೊಂದು ಕೋಟ್ ಹೊಡೀರಿ," ಎಂದೆ.

"ಬಣ್ಣ ಎಲ್ಲೈತೆ? ಅಂಗಡಿ ಬಾಕ್ಲು ಹಾಕಿರ್ತಾನೆ."

"ಹೋಗಿ ಎಬ್ಬಿಸಿ."

"ಲೇ, ಕೂಸು ಬಂದು ಗೋಡೆ ಬಣ್ಣ ನೋಡಿ ಮಾರ್ಕ್ಸ್ ಕೊಡಾಕಿಲ್ಲ."

ನಾನು ಕೈಯಲ್ಲಿದ್ದ ರವಿಕೆಯನ್ನು ನೆಲಕ್ಕೆಸೆದೆ. ಒಂದು ಗೋಡೆಯನ್ನೂ ನೆಟ್ಟಗೆ ಮಾಡಲಾಗದವರು ಮಗುವನ್ನೇನು ಸಾಕುತ್ತೀರಿ ಎಂದೆ. ಹೇಳಿದ್ದು ಅವರಿಗೆ, ತಗುಲಿದ್ದು ನನಗೇ. ಅವರು ಬ್ರಷ್ಷು ತೊಳೆಯಲು ಹಿತ್ತಿಲಿಗೆ ಹೋದರು. ಅಪ್ಪ ಸ್ಟೂಲಿನ ಮೇಲೇ ನಿಂತಿದ್ದವರು ಮೆಲ್ಲಗೆ, "ಎರಡು ಬಣ್ಣ ಸೇರೋ ಕಡೆ ಒಂದು ಅಂಚು ಕಟ್ಟಿಬುಡಮ್ಮ, ಸೀರೆಗೆ ಕಟ್ಟಲ್ವಾ ಅಂಗೆ" ಎಂದರು.

ಕುರಿಗಳನ್ನು ಅಡ್ಡಸಾಲಿನಲ್ಲಿ ಬಿಡಿಸುವ ಯೋಚನೆಯಿತ್ತಲ್ಲ, ಅದನ್ನೇ ಮೇಲಿನಿಂದ ಕೆಳಕ್ಕೆ ಬಿಡಿಸಿದರಾಯಿತು. ರವಿಕೆಯ ಅಚ್ಚು ಕತ್ತರಿಸುವ ದಪ್ಪ ಕಾಗದದಲ್ಲಿ ಕುರಿಯ ಆಕಾರ ಕತ್ತರಿಸಿ, ಗೋಡೆಗೊತ್ತಿ, ಸ್ಪಂಜಿನಿಂದ ಬಿಳಿ ಬಣ್ಣ ತಟ್ಟಿದೆ. ಒಂದರ ಕೆಳಗೊಂದು ಕುರಿಗಳು ಬೆಟ್ಟ ಇಳಿಯುವಂತೆ ಇಳಿದುಬಂದವು. ಅಷ್ಟು ಹೊತ್ತೂ ಬಾಗಿಲ ಬಳಿ ಕಡಲೇಕಾಯಿ ಸುಲಿಯುತ್ತ ಕೂತಿದ್ದ ಅತ್ತೆ ಎದ್ದು ಬಂದರು.

"ಇವು ಏನು?"

"ಕುರಿ."

"ಬಿಳೀ ಕುರಿ ಎಲ್ಲಿ ನೋಡಿದ್ದೀಯಮ್ಮ ನೀನು?"

ಮೊಬೈಲಿನಲ್ಲಿ ಎನ್ನಲು ನಾಚಿಕೆಯಾಯಿತು.

"ಕಿವಿ ನೆಟ್ಟಗೆ ನಿಂತವೆ. ನಾಯಿ ಇದ್ದಂಗವೆ. ಕುರಿ ಕಿವಿ ಜೋತು ಬೀಳ್ತದೆ," ಎಂದು ತಮ್ಮ ಅಂಗೈಯನ್ನು ಕಿವಿಯ ಪಕ್ಕ ಇಳಿಬಿಟ್ಟು ತೋರಿಸಿದರು. ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಗೇಟಿಗೆ ಬಳಿದು ಉಳಿದಿದ್ದ ಕಂದು ಬಣ್ಣದ ಡಬ್ಬಿ ಎಲ್ಲಿದೆಯೆಂದು ಮಗನನ್ನು ಕೂಗಿ ಕೇಳಿದರು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಣ್ಣದಲ್ಲಿ ಅದ್ದಿ, ಒಂದೊಂದು ಕುರಿಗೂ ಜೋತ ಕಿವಿ ಬರೆದರು. ಕೆಲವನ್ನು ಪೂರ್ತಿ ಕಂದಾಗಿಸಿದರು, ಒಂದಕ್ಕೆ ಹೊಟ್ಟೆಯ ಮೇಲೆ ಮಚ್ಚೆ ಕೊಟ್ಟರು. "ಇದು ಇತ್ತು ನಮ್ಮ ಹತ್ರ. ಭಾರೀ ಕಳ್ಳಿ" ಎಂದರು. ಕೆಳಗಿನ ಕುರಿಗಳಿಗೆ ನೆಲದ ಮೇಲೆ ಕೂತು ಬರೆದರು. ಮುಗಿಸಿ, ಹೋಗಿ ಬೆರಳು ತೊಳೆದುಕೊಂಡರು.

ಭಾನುವಾರ ಬೆಳಿಗ್ಗೆ ನಾನು, ಅತ್ತೆ, ಅಪ್ಪ ಸಿರಾದ ಬಸ್ಸು ಹತ್ತಿದೆವು. ನನ್ನ ಗಂಡ ಮನೆಯಲ್ಲೇ ಉಳಿದರು. ಕಿಟಕಿಗೆ ಜಾಲರಿ ಹಾಕುವುದಿತ್ತು, ನೆಲದ ಹತ್ತಿರವಿದ್ದ ಪ್ಲಗ್ಗುಗಳನ್ನು ಮಗುವಿನ ಕೈಗೆ ಎಟುಕದಷ್ಟು ಮೇಲಕ್ಕೆ ತೆಗೆಯುವುದಿತ್ತು. ರಾತ್ರಿಯಿಂದ ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ಬಸ್ಸಿನಲ್ಲಿ ಕೊನೆಯ ರವಿಕೆಗೆ ಹುಕ್ಕು ಹಾಕುತ್ತ ಹೋದೆ. ಬಸ್ಸು ಕುಣಿದಾಗಲೆಲ್ಲ ಸೂಜಿ ಬೆರಳಿಗೆ ಚುಚ್ಚಿತು.

ಅಕ್ಕನ ಮನೆ ತುಂಬ ಜನ. ರವಿಕೆಗಳು ಕೈಯಿಂದ ಕೈಗೆ ಹೋಗಿ ಮಾಯವಾದವು. ಅಕ್ಕ ನನ್ನನ್ನು ಒಳಗೆಳೆದುಕೊಂಡು ಹೋಗಿ, ಹೋಮದ ಹೊಗೆಗೆ ಕೆಂಪಾಗಿದ್ದ ಕಣ್ಣಿನಲ್ಲೇ, "ಎಲ್ಲಾ ತಯಾರಾಯ್ತೇನೇ?" ಎಂದು ಕೇಳಿದಳು. ಉತ್ತರ ಹೇಳುವುದರೊಳಗೆ ಯಾರೋ ಅವಳನ್ನು ಕರೆದರು. ನಾನು ನೀರು ಬಡಿಸಿದೆ, ಎಲೆ ಎತ್ತಿದೆ, ಕುಂಕುಮದ ತಟ್ಟೆ ಹಿಡಿದು ಓಡಾಡಿದೆ. ಸುಮ್ಮನೆ ನಿಂತರೆ ಜನ ಮಾತಾಡಿಸುತ್ತಾರೆಂಬ ಭಯ.

ಊಟಕ್ಕೆ ಕೂತಾಗ ಮಾತಾಡಿಸಿಯೇಬಿಟ್ಟರು. ಅಕ್ಕನ ಗಂಡನ ಕಡೆಯ ಹಿರಿಯ ಹೆಂಗಸು, ನನ್ನ ಎಡಗಡೆ ಕೂತವರು.

"ಮಗು ತರ್ತಿದ್ದೀರಂತಲ್ಲ. ಯಾರ ಪೈಕಿದು?"

ನಾನು ಬಾಯಲ್ಲಿದ್ದ ತುತ್ತು ನುಂಗುವಷ್ಟರಲ್ಲಿ ಬಲಗಡೆಯಿಂದ ಅತ್ತೆಯ ದನಿ ಬಂತು.

"ನಮ್ಮ ಪೈಕಿನೇ. ನನ್ನ ತಮ್ಮನ ಮೊಮ್ಮಗಳು."

"ಓ, ಹಂಗಾ," ಎಂದು ಆ ಹೆಂಗಸು ಪಾಯಸದ ಕಡೆ ತಿರುಗಿದರು. ನನ್ನ ಕೈ ಎಲೆಯ ಮೇಲೇ ನಿಂತುಬಿಟ್ಟಿತು. ಎದುರು ಸಾಲಿನಲ್ಲಿದ್ದ ಅಪ್ಪ ಕೇಳಿಸಿಕೊಂಡರು, ತಲೆ ತಗ್ಗಿಸಿ ಅನ್ನ ಕಲಸಿದರು. ಅಷ್ಟು ಜನರ ನಡುವೆ ಅತ್ತೆಯ ಮಾತನ್ನು ಸುಳ್ಳೆನ್ನುವುದು ಹೇಗೆ. ಎದ್ದು ಕೈ ತೊಳೆದೆ. ಮುಖವನ್ನೂ ತೊಳೆದೆ.

ಅಪ್ಪ ಅಕ್ಕನ ಮನೆಯಲ್ಲೇ ಉಳಿದರು. ನಾನೂ ಅತ್ತೆಯೂ ಹೊರಟೆವು. ಮಲಗಿಸಲು ಹಾಸಿಗೆ ಬೇಕಿತ್ತಲ್ಲ, ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಹತ್ತಿ ಅಂಗಡಿಗೆ ಹೋದೆವು. ಗಡ್ಡದ ಸಾಬರು ಗೋಣಿಚೀಲಗಳ ನಡುವೆ ಕೂತು ಗಾದಿ ಹೊಲಿಯುತ್ತಿದ್ದರು. ಚಿಕ್ಕದೊಂದು ಬೇಕು, ಇವತ್ತೇ ಬೇಕು ಎಂದೆ.

"ಎಷ್ಟು ದೊಡ್ಡ ಮಗು ಅಮ್ಮಾ?"

ಮತ್ತೆ ಅದೇ ಅಳತೆಯ ಪ್ರಶ್ನೆ. ನಾನು ಎರಡೂ ಕೈ ಚಾಚಿ ಒಂದು ಅಂದಾಜು ತೋರಿಸಿದೆ. ಸಾಬರು ನನ್ನ ಕೈಯನ್ನೂ ಮುಖವನ್ನೂ ನೋಡಿ, "ಬೆಳೀತದೆ. ದೊಡ್ದೇ ಕೊಡ್ತೀನಿ. ಬೇಟೀನಾ? ಮುಬಾರಕ್ ಅಮ್ಮಾ" ಎಂದರು. ಯಾರ ಪೈಕಿಯದೆಂದು ಕೇಳಲಿಲ್ಲ. ಬೂರುಗದ ಹತ್ತಿ ತುಂಬಿದ ಹಾಸಿಗೆಯನ್ನು ಸುರುಳಿ ಸುತ್ತಿ ಹಗ್ಗ ಕಟ್ಟಿಕೊಟ್ಟರು.

ಬಸ್ಸಿನಲ್ಲಿ ಹಾಸಿಗೆಯನ್ನು ನಮ್ಮಿಬ್ಬರ ನಡುವೆ ನಿಲ್ಲಿಸಿಕೊಂಡು ಕೂತೆವು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಅದೇ ಅನುಕೂಲವಾಯಿತು.

"ಯಾಕತ್ತೆ ಸುಳ್ಳು ಹೇಳಿದ್ರಿ?"

"ಯಾವ್ದು?"

"ತಮ್ಮನ ಮೊಮ್ಮಗಳು ಅಂದ್ರಲ್ಲ."

"ಆ ಯಮ್ಮ ಕೇಳಿದ್ದು ಕೂಸಿನ ಇಸ್ಯ ಅಲ್ಲ, ಜಾತಿ ಇಸ್ಯ. ಗೊತ್ತಿಲ್ಲ ಅಂದಿದ್ರೆ ಅದನ್ನೇ ಬಾಯಾಗಿಕ್ಕೊಂಡು ಊರೆಲ್ಲ ಅಗೀತಿದ್ಲು."

"ಅಗೀಲಿ ಬುಡಿ. ಮಗು ದೊಡ್ಡದಾದ್ ಮೇಲೆ ನಿನ್ನ ಇಂಗೆ ಕರ್ಕೊಂಡ್ ಬಂದ್ವಿ ಅಂತ ನಾವೇ ಹೇಳ್ಬೇಕು. ಅವಾಗ ನೆಂಟರೆಲ್ಲ ಇನ್ನೊಂದು ಹೇಳಿದ್ರೆ ಅದು ಯಾರನ್ನ ನಂಬ್ತದೆ? ನಮ್ಮ ಮನೇಲಿ ಅದಕ್ಕೊಂದು ಸುಳ್ಳು ಬ್ಯಾಡ ಅತ್ತೆ."

ನನ್ನ ದನಿ ಹೆಚ್ಚಾಯಿತೇನೋ, ಮುಂದಿನ ಸೀಟಿನವರು ತಿರುಗಿ ನೋಡಿದರು. ಬಡವನಹಳ್ಳಿಯಲ್ಲಿ ಬಸ್ಸು ನಿಂತಿತು, ಜನ ಇಳಿದರು, ಹತ್ತಿದರು. ಬಸ್ಸು ಹೊರಟ ಮೇಲೆ ಅತ್ತೆ ಮಾತಾಡಿದರು.

"ನೀನು ನೆನ್ನೆಯಿಂದ ಒಂದ್ಕಡೆ ಕುಂತಿಲ್ಲ. ನೋಡ್ತಾ ಇದೀನಿ. ಏನು ಭಯ ನಿಂಗೆ?"

ಕೇಳುತ್ತಾರೆಂದು ಎಣಿಸಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಅವತ್ತು ನನ್ನ ಹತ್ರ ಬರಲಿಲ್ಲ ಅತ್ತೆ. ಮುಟ್ಟಿದ ತಕ್ಷಣ ಅತ್ತುಬುಡ್ತು. ಮನೆಗೆ ಬಂದ್ ಮೇಲೂ ಅಂಗೇ ಆದ್ರೆ?"

ಸಮಾಧಾನ ಹೇಳುತ್ತಾರೆಂದು ಕಾದೆ. ಅವರು ಹೇಳಲಿಲ್ಲ.

"ನಾನೂ ಅದೇ ಅನ್ಕೊಂತಿದ್ದೆ," ಎಂದರು. "ಮಗಂಗೇ ಹುಟ್ಟಿದ್ದಾಗಿದ್ರೆ ಅತ್ರೂ ನಮ್ದೇ, ನಕ್ರೂ ನಮ್ದೇ ಅಂತ ಕುಂತಿರ್ತೀವಿ. ಇದು ನನ್ ಮಕ ನೋಡಿ ಕಿರುಚ್ಕೊಂಡ್ರೆ ನಾನು ಏನಂತ ಹೇಳ್ಕೊಳ್ಳಿ ಅದಕ್ಕೆ? ನಾನು ನಿನ್ನ ಅಜ್ಜಿ ಅಂತ ಹೆಂಗ್ ಹೇಳಾದು?"

ಅಷ್ಟು ದಿನ ಅವರ ಮೌನಕ್ಕೆ ನಾನು ಮಗು ಬೇಡವೆಂಬ ಒಂದೇ ಅರ್ಥ ಕಟ್ಟಿಕೊಂಡಿದ್ದೆ. ಹಾಸಿಗೆಯ ಅಂಚಿನಾಚೆ ಅವರ ಕೈ ಮಾತ್ರ ಕಾಣುತ್ತಿತ್ತು. ಉಗುರಿನ ಸಂದಿಯಲ್ಲಿ ಕಂದು ಬಣ್ಣ ಇನ್ನೂ ಹೋಗಿರಲಿಲ್ಲ.

ಮನೆಗೆ ಬಂದಾಗ ರೂಮು ಸಿದ್ಧವಾಗಿತ್ತು. ನನ್ನ ಗಂಡ ಹಕ್ಕಿಗಳನ್ನು ದಾರಕ್ಕೆ ಕಟ್ಟಿ ಫ್ಯಾನಿಗೆ ತಾಗದಂತೆ ಮೂಲೆಯಲ್ಲಿ ಇಳಿಬಿಟ್ಟಿದ್ದರು. ಪರದೆ ಸೊಟ್ಟಗಿತ್ತು. ನಾನು ಸರಿ ಮಾಡಲು ಹೋಗಿ ಸುಮ್ಮನಾದೆ. "ನೆನ್ನೆ ಅಂದಿದ್ದು ಮನಸ್ಸಿಗೆ ಹಚ್ಕೋಬ್ಯಾಡಿ," ಎಂದೆ. "ಊಟ ಮಾಡಿದ್ಯಾ?" ಎಂದು ಕೇಳಿದರು. ಅಲ್ಲಿಗೆ ಅದು ಮುಗಿಯಿತು.

ಸೋಮವಾರ ಮಗುವನ್ನು ಕರೆತಂದೆವು. ಬಾಡಿಗೆ ಕಾರಿನಲ್ಲಿ ಅರ್ಧ ದಾರಿ ಅತ್ತು, ಅರ್ಧ ದಾರಿ ನನ್ನ ಗಂಡನ ತೋಳಿನ ಮೇಲೆ ನಿದ್ದೆ ಮಾಡಿತು. ಬಾಗಿಲಲ್ಲಿ ಅತ್ತೆ ಆರತಿ ಎತ್ತಿದರು. ಮಗು ಆರತಿಯ ದೀಪ ಹಿಡಿಯಲು ಕೈ ಚಾಚಿತು, ಅವರ ಮುಖ ನೋಡಿ ಅಳಲಿಲ್ಲ. ಅತ್ತೆ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟರು. ಅವರ ಮಗ "ಅವ್ವ, ದೀಪ ಆ ಕಡೆ ಇಡು" ಎಂದ ಮೇಲೆ ಅಲುಗಾಡಿದರು.

ನಾವು ಅದನ್ನು ನೇರ ಹಳದಿ ರೂಮಿಗೆ ಕರೆದುಕೊಂಡು ಹೋಗಿ ಹೊಸ ಹಾಸಿಗೆಯ ಮೇಲೆ ಕೂರಿಸಿದೆವು. ಮಗು ಒಂದು ಗೋಡೆ ನೋಡಿತು, ಇನ್ನೊಂದು ನೋಡಿತು. ಕುರಿಗಳನ್ನು ನೋಡಿತು, ಮೇಲೆ ತೂಗುತ್ತಿದ್ದ ಹಕ್ಕಿಗಳನ್ನು ನೋಡಿತು. ಕೆಳತುಟಿ ಮೆಲ್ಲಗೆ ಹೊರಬಂತು. ಆಮೇಲೆ ಅತ್ತದ್ದು ಬೀದಿಯ ಕೊನೆಯವರೆಗೆ ಕೇಳಿಸಿರಬೇಕು. ಎತ್ತಿಕೊಳ್ಳಲು ಹೋದ ನನ್ನ ಕೈಯಿಂದ ಜಾರಿ, ಅಂಬೆಗಾಲಿನಲ್ಲಿ ಹೊಸಲು ದಾಟಿ ಹಾಲ್‌ಗೆ ಬಂತು. ಮೂಲೆಯಲ್ಲಿ ಬಟ್ಟೆಯ ರಾಶಿಯ ಪಕ್ಕ ನನ್ನ ಮಿಷನ್ ಇತ್ತಲ್ಲ, ಅದರ ಕೆಳಗೆ ಹೋಗಿ ಕೂತು ಬಿಕ್ಕಳಿಸಿತು.

ಆ ವಾರವೆಲ್ಲ ಅದೇ ಕಥೆ. ಹಗಲಲ್ಲಿ ನನ್ನ ಗಂಡನ ಹೆಗಲು, ಇಲ್ಲವೆಂದರೆ ಮಿಷನ್ನಿನ ಕೆಳಗೆ. ರೂಮಿನೊಳಗೆ ಮಾತ್ರ ಬೇಡ. ನಾನು ಗೊಂಬೆ ತೋರಿಸಿದೆ, ಪರದೆ ತೆಗೆದೆ, ಹಕ್ಕಿಗಳನ್ನು ಬಿಚ್ಚಿದೆ, ಮತ್ತೆ ಕಟ್ಟಿದೆ. ಅತ್ತೆ ನೋಡುವಷ್ಟು ನೋಡಿ, "ಅಲ್ಲಿ ಕೇಂದ್ರದಾಗೆ ಎಷ್ಟು ಮಕ್ಳು ಒಟ್ಟಿಗೆ ಮಲಗ್ತಿದ್ವು?" ಎಂದು ಕೇಳಿದರು. ಒಂದು ದೊಡ್ಡ ಹಾಲ್‌ನ ತುಂಬ ಇದ್ದವು ಎಂದೆ. ಹೇಳುತ್ತಿದ್ದ ಹಾಗೇ ನನಗೂ ಅರ್ಥವಾಯಿತು. ಗದ್ದಲದ ನಡುವೆ ಬೆಳೆದ ಮಗುವನ್ನು ನಾವು ಬಾಗಿಲು ಮುಂದಕ್ಕೆಳೆದು ಸದ್ದಿಲ್ಲದ ಕೋಣೆಯಲ್ಲಿ ಮಲಗಿಸಲು ಹೊರಟಿದ್ದೆವು. ಹಾಸಿಗೆಯನ್ನು ಹಾಲ್‌ಗೆ ತಂದು ಹಾಕಿದೆ.

ಒಂದು ಮಧ್ಯಾಹ್ನ ಗಿರಾಕಿಯೊಬ್ಬರದು ತುರ್ತಾಗಿ ಕೊಡಬೇಕಿತ್ತೆಂದು ಮಿಷನ್ ತುಳಿಯುತ್ತಿದ್ದೆ. ತಿರುಗಿ ನೋಡಿದರೆ ಮಗು ಪಕ್ಕದ ಬಟ್ಟೆಯ ರಾಶಿಗೆ ಒರಗಿ ತುಂಡೊಂದನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆ ಹೋಗಿತ್ತು. ಮಿಷನ್ ನಿಲ್ಲಿಸಿದೆ, ಕಣ್ಣು ತೆರೆದವು. ಮತ್ತೆ ತುಳಿದೆ, ಮುಚ್ಚಿದವು. ಹೊಲಿಯುವುದು ಮುಗಿದ ಮೇಲೂ ದಾರ ತೆಗೆದು, ಬಟ್ಟೆಯಿಲ್ಲದೆ ಖಾಲಿ ಮಿಷನ್ ತುಳಿಯುತ್ತಲೇ ಕೂತೆ. ಆ ವಾರದಲ್ಲಿ ನಾನು ಒಂದೇ ಕಡೆ ಅಷ್ಟು ಹೊತ್ತು ಕೂತದ್ದು ಅದೇ ಮೊದಲು. ಅದು ನನ್ನ ಹತ್ತಿರ ಬಂದಿರಲಿಲ್ಲ, ನಿಜ. ಆದರೆ ನಾನು ಮಾಡುವ ಸದ್ದಿನ ಹತ್ತಿರ ಬಂದಿತ್ತು.

ಹಳದಿ ರೂಮು ಖಾಲಿ ಉಳಿಯಿತು. ಮಾರನೇ ದಿನವೇ ಹೊರಡುತ್ತಿದ್ದ ಅತ್ತೆ ಈ ಸಲ ಹೊರಡಲಿಲ್ಲ. ನಾವೆಲ್ಲ ಹಾಲ್‌ನಲ್ಲೇ ಮಲಗುತ್ತಿದ್ದರಿಂದ ಅವರಿಗೆ ಕಾಲು ಚಾಚಲು ಜಾಗವಿರಲಿಲ್ಲ. ಒಂದು ದಿನ ಕಂಬಳಿ ತೆಗೆದುಕೊಂಡು ಹೋಗಿ ಆ ರೂಮಿನಲ್ಲಿ ಹಾಸಿಕೊಂಡರು. "ಕೂಸಿಗೆ ಬ್ಯಾಡಾದ್ರೆ ನಂಗಿರ್ಲಿ. ಗಾಳಿ ಚೆನ್ನಾಗ್ ಬರ್ತದೆ," ಎಂದರು. ತಿಂಗಳ ಕೊನೆಯಲ್ಲಿ ಗುತ್ತಿಗೆಯ ವಿಚಾರಕ್ಕೆ ತಿರುಮಣಿಗೆ ಹೋದವರು ಎರಡು ದಿನದಲ್ಲೇ ಪೆಟ್ಟಿಗೆ ಸಮೇತ ವಾಪಸು ಬಂದರು.

ಮಗು ಬಂದು ಒಂದು ತಿಂಗಳು ದಾಟಿರಬಹುದು, ಸರ್ಕಾರಿ ಆಸ್ಪತ್ರೆಗೆ ಲಸಿಕೆಗೆ ಕರೆದುಕೊಂಡು ಹೋದೆವು. ನನ್ನ ಗಂಡ ಎತ್ತಿಕೊಂಡಿದ್ದರು, ನಾನು ಬ್ಯಾಗು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ನರ್ಸಮ್ಮ ತೊಡೆಗೆ ಸೂಜಿ ಚುಚ್ಚಿದರು. ಮಗು ಒಂದು ಕ್ಷಣ ಉಸಿರು ಹಿಡಿದು ಆಮೇಲೆ ಕಿರುಚಿತು. ಹಾಗೆ ಕಿರುಚುತ್ತ ತನ್ನ ಅಪ್ಪನ ಹೆಗಲಿನಿಂದ ಈಚೆಗೆ ತಿರುಗಿ ಎರಡೂ ಕೈಗಳನ್ನು ನನ್ನ ಕಡೆ ಚಾಚಿತು. ಯಾರನ್ನು ಕರೆಯುತ್ತಿದೆ ಎಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆಯಿತ್ತು.

"ಹಿಡ್ಕೊಳ್ಳೇ," ಎಂದರು ನನ್ನ ಗಂಡ.

ಬ್ಯಾಗು ಕೈಬಿಟ್ಟು 'ದಪ್' ಎಂದು ಬಿತ್ತು. ಹಿಡಿದುಕೊಂಡೆ. ಒದ್ದೆ ಮುಖವನ್ನು ನನ್ನ ಕತ್ತಿಗೆ ಒತ್ತಿತು. ಆಟೋದಲ್ಲಿ ಮನೆಗೆ ಬರುವಾಗ ನಿದ್ದೆ ಹೋಯಿತು. ಕೈ ಜೋಮು ಹಿಡಿದರೂ ಮಗ್ಗುಲು ಬದಲಿಸಲಿಲ್ಲ. ಮನೆಯ ಮುಂದೆ ಇಳಿಯಲು ಮನಸ್ಸಾಗದೆ, ಇನ್ನೊಂದು ಸುತ್ತು ಹೊಡೆಯಪ್ಪ ಎಂದು ಆಟೋದವನಿಗೆ ಹೇಳಬೇಕೆನ್ನಿಸಿತು. ಹೇಳಲಿಲ್ಲ, ಅತ್ತೆ ಆಗಲೇ ಗೇಟು ತೆಗೆದುಕೊಂಡು ನಿಂತಿದ್ದರು.